ಇಳಕಲ್ಲಿನಲ್ಲಿ ನಿಂತ ಹೆಲಿಕಾಪ್ಟರ್

ಅತಿಥಿಯೊಬ್ಬರನ್ನು ಇಳಕಲ್ಲಿಗೆ ಕರೆತಂದ ಬಾಡಿಗೆ ಹೆಲಿಕಾಪ್ಟರಿಗೆ ನಾನೇ ಎಂಜಿನಿಯರ್. ಮೈದಾನದಲ್ಲಿ ಇಳಿಯುವಾಗ ಎದ್ದ ಧೂಳಿಗೆ ನೆಲವೇ ಕಾಣಲಿಲ್ಲ. ಆಮೇಲೆ ಎಂಜಿನ್ನಿನೊಳಗೆ ಕ್ಯಾಮೆರಾ ಬಿಟ್ಟು ನೋಡಿದೆ. ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಬ್ಲೇಡುಗಳ ಅಂಚನ್ನು ಮರಳು ತಿಂದುಹಾಕಿತ್ತು. ಇಂಥ ಎಷ್ಟೋ ಮೈದಾನಗಳ ಸವೆತ ಅದು, ಈಗ ಮಿತಿ ಮೀರಿತ್ತು.

ಅಷ್ಟರಲ್ಲಿ, ಎದೆನೋವಿನಿಂದ ಒದ್ದಾಡುತ್ತಿದ್ದ ನೇಕಾರನೊಬ್ಬನನ್ನು ಅವನ ಹೆಂಡತಿ ಟಂಟಂ ಆಟೋದಲ್ಲಿ ಕರೆತಂದಳು.

"ಬಾಗಲಕೋಟಿ ದವಾಖಾನಿಗೆ ಮುಟ್ಟಸ್ರಿ ಅಣ್ಣಾರ."

"ಎಂಜಿನ್ ಕೆಟ್ಟೈತ್ರಿ ಅಕ್ಕಾರ. ಮ್ಯಾಲ ಹೋದಾಗ ನಿಂತ್ರ ಎಲ್ಲಾರೂ ಬೀಳ್ತೇವಿ."

"ಇಲ್ಲೇ ಇದ್ರೂ ಅವರು ಉಳಿಯಂಗಿಲ್ಲ. ನಾನೂ ಕೂಡತೇನಿ, ಬಿದ್ರ ಇಬ್ರೂ ಕೂಡೇ ಬೀಳ್ತೇವಿ."

ಪೈಲಟ್ ನನ್ನ ಮುಖ ನೋಡಿದ. ನಾನು ಬೇಡವೆಂದೆ. ಕೊನೆಗೆ ಆಂಬುಲೆನ್ಸ್ ಬಂತು. ಅಮೀನಗಡ ದಾಟುವಷ್ಟರಲ್ಲಿ ಅವನ ಉಸಿರು ನಿಂತಿತಂತೆ.

ಮರುದಿನ ಅವರ ಮನೆಗೆ ಹೋದೆ. ಆಕೆ ಬೈಯಲಿಲ್ಲ.

"ಅದು ಖರೇನ ಬೀಳ್ತಿತ್ತೇನ್ರಿ?" ಎಂದಷ್ಟೇ ಕೇಳಿದಳು.

"ಹೇಳಾಕ ಬರಂಗಿಲ್ರಿ" ಎಂದೆ.

ಬೀಳುತ್ತಿತ್ತು ಎಂದಿದ್ದರೆ ಆಕೆಗೊಂದು ಸಮಾಧಾನವಾದರೂ ಸಿಗುತ್ತಿತ್ತು. ಆದರೆ ಖಾತ್ರಿಯಿಲ್ಲದ್ದನ್ನು ಹೇಳಬಾರದೆನ್ನುವ ಈ ಕೆಲಸದಲ್ಲಿ ಇದ್ದು ಇದ್ದು, ಬೇಕಾದಾಗ ಒಂದು ಸುಳ್ಳು ಹೇಳುವುದೂ ನನಗೆ ಮರೆತುಹೋಗಿದೆ.