ಅಜ್ಜಿಯ ಹರಕೆಯ ಮ್ಯಾಚು

ನಮ್ಮ ಪಕ್ಕದ ಮನೆಯವಳು ಮೆಕ್ಸಿಕೋದವಳು, ಏರ್‌ಪೋರ್ಟಿನಲ್ಲಿ ಕೆಲಸ. ಸ್ವೋರ್ಡ್ಸ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಸಾಲುಮನೆಗಳ ಗೋಡೆ ತೆಳು. ಅವರ ದೇಶ ಗೋಲು ಹೊಡೆದರೆ ನಮ್ಮ ಅಡುಗೆಮನೆಯ ಲೋಟಗಳಿಗೂ ಗೊತ್ತಾಗುತ್ತದೆ. ಅವಳನ್ನು ನೋಡಲು ಊರಿಂದ ಬಂದ ತಾಯಿ, ನಾನು ಅಜ್ಜಿ ಎನ್ನುತ್ತಿದ್ದವರು, ತಮ್ಮ ತಂಡ ಒಂದು ಮ್ಯಾಚು ಗೆಲ್ಲುವುದನ್ನು ಮಗಳ ಜೊತೆ ಕೂತು ನೋಡಿದ ಮೇಲೆಯೇ ವಿಮಾನ ಹತ್ತುವುದೆಂದು ಹರಕೆ ಹೊತ್ತುಬಿಟ್ಟಿದ್ದರು. ತಂಡ ಸೋಲುತ್ತಲೇ ಇತ್ತು, ಅಜ್ಜಿ ಟಿಕೆಟ್ಟನ್ನು ಮುಂದಕ್ಕೆ ಹಾಕುತ್ತಲೇ ಇದ್ದರು.

ಕಪ್ಪಿಗಾಗಿ ವರ್ಷಗಟ್ಟಲೆ ಬಾಯಿಬಿಟ್ಟುಕೊಂಡು ಕಾದ ಬೆಂಗಳೂರಿನವಳು ನಾನು. ಸೋಲುವ ತಂಡದವರ ಸಂಕಟವನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂದುಕೊಂಡಿದ್ದೆ. ಇವರ ದಾರಿಯೇ ಬೇರೆ. ನಾವು ಗೆದ್ದ ಮೇಲೆ ಪಟಾಕಿ ಹೊಡೆಯುವವರು. ಇವರು ಮ್ಯಾಚಿಗೆ ಮೊದಲೇ ಉಂಡು, ಹಾಡಿ, ಹಬ್ಬ ಮುಗಿಸಿಬಿಡುತ್ತಾರೆ. ಆಮೇಲೆ ತಮ್ಮದೇ ಗೋಲ್‌ಕೀಪರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಒಮ್ಮೆ ನಾನೂ ದನಿಗೂಡಿಸಿ, "ಹೌದು, ಶುದ್ಧ ದಂಡಪಿಂಡ" ಎಂದೆ. ಎಲ್ಲರೂ ಟೀವಿ ಬಿಟ್ಟು ನನ್ನತ್ತ ತಿರುಗಿದರು. ಮನೆಮಗನನ್ನು ಮನೆಯವರು ಬೈಯಬಹುದು, ಪಕ್ಕದ ಮನೆಯವಳು ಬೈಯುವಂತಿಲ್ಲ. ಅವತ್ತು ಅಜ್ಜಿ ನನಗೆ ಸಿಹಿ ಕೊಡಲಿಲ್ಲ.

ಒಂದು ಶನಿವಾರ ಸಂಜೆ ಚಿತ್ರಾನ್ನದ ಡಬ್ಬಿ ಹಿಡಿದು ಅವರ ಕೋಣೆಯ ಬಾಗಿಲಲ್ಲಿ ನಿಂತಿದ್ದೇ ತಡ, ಗೋಲು! ಅಜ್ಜಿ ನನ್ನತ್ತ ಬೆರಳು ತೋರಿಸಿ ಸ್ಪ್ಯಾನಿಷಿನಲ್ಲಿ ಏನೋ ಕೂಗಿದರು.

"ಅಲ್ಲೇ ನಿಂತಿರ್ಬೇಕಂತೆ, ಕದಲಬಾರ್ದಂತೆ" ಎಂದಳು ಮಗಳು.

ನನಗೆ ವಿವರಿಸಬೇಕೆ? ವಿಕೆಟ್ ಬೀಳದಿರಲೆಂದು ಕೂತಲ್ಲೇ ಕೂತು ಕಾಲು ಜೋಮು ಹಿಡಿಸಿಕೊಂಡ ವಂಶ ನಮ್ಮದು. ಡಬ್ಬಿ ಹಿಡಿದು ದ್ವಾರಪಾಲಕಿಯಾಗಿ ನಿಂತೆ. ಗಂಡ ಫೋನ್ ಮಾಡಿದರು. "ಎಲ್ಲಿದೀಯೇ? ಅನ್ನ ಆರಿಹೋಗ್ತಾ ಐತೆ."

"ಕದಲೋ ಹಾಗಿಲ್ಲ ರೀ, ಒಂದು ದೇಶಾನೇ ನನ್ನ ಕಾಲ್ಮೇಲೆ ನಿಂತಿದೆ."

ಸರಿ ಎನ್ನಲು ಇಲ್ಲಿನವರು ಹೇಳುವ ಹಾಗೆಯೇ "ಗ್ರ್ಯಾಂಡ್" ಎಂದು ಫೋನಿಟ್ಟರು.

ಕೊನೆಯ ಸೀಟಿ ಕೇಳಿಸಿತು. ಗೆದ್ದೇಬಿಟ್ಟರು! ಅಜ್ಜಿ ನನ್ನನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದರು, ಚಿತ್ರಾನ್ನ ಕಾರ್ಪೆಟ್ಟಿನ ಪಾಲಾಯಿತು, ನಾನೂ ಹುಚ್ಚಿಯಂತೆ ಕುಣಿದೆ. ತಿರುಗುತ್ತಲೇ ಮಗಳು ಕಣ್ಣಿಗೆ ಬಿದ್ದಳು. ಎಲ್ಲರಿಗಿಂತ ಜೋರಾಗಿ ಕಿರುಚಿದ್ದವಳು ಸೋಫಾದ ತುದಿಯಲ್ಲಿ ಕೂತು ಹಸಿರು ಜೆರ್ಸಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹರಕೆ ತೀರಿತ್ತು, ಇನ್ನು ಅಮ್ಮ ಹೊರಡಬೇಕು. ಕದಲದೆ ನಿಂತ ನನ್ನ ಕಾಲುಗಳ ಮೇಲೆ ನನಗೇ ಸಿಟ್ಟು ಬಂತು.

ಅಜ್ಜಿಯೂ ಮಗಳನ್ನು ನೋಡಿದರು. ಕುಣಿತ ನಿಂತಿತು. ಟೀವಿಯತ್ತ ಒಮ್ಮೆ ತಿರುಗಿ, ತಲೆಯಾಡಿಸಿ, ನ್ಯಾಯಾಧೀಶರ ಗಾಂಭೀರ್ಯದಲ್ಲಿ ಏನೋ ಹೇಳಿದರು. ಮಗಳು ಅಳುತ್ತಿದ್ದವಳು ಫಕ್ಕನೆ ನಕ್ಕಳು.

"ಏನಂತೆ?" ಎಂದೆ.

"ಇದು ಫ್ರೆಂಡ್ಲಿ ಮ್ಯಾಚಂತೆ, ಕಪ್ಪಿಗೆ ಆಡಿದ್ದಲ್ವಂತೆ" ಎಂದಳು ಮೂಗೊರೆಸಿಕೊಳ್ಳುತ್ತ. "ಹರಕೆಗೆ ಇದು ಲೆಕ್ಕಕ್ಕಿಲ್ವಂತೆ."