ಹಕಾರವಿಲ್ಲದ ಭಾನುವಾರಗಳು

ನಾನೊಬ್ಬ ಕನ್ನಡ ಮೇಷ್ಟ್ರು ಎನ್ನುವುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಎದುರಿಗಿದ್ದವರು ಮಾತಾಡುವಾಗ ವಿಷಯ ಬಿಟ್ಟು ಉಚ್ಚಾರ ಕೇಳಿಸಿಕೊಳ್ಳುವ ಕೆಟ್ಟ ಚಾಳಿ ನನಗಿದೆ. ಮದುವೆಯಾಗಿ ಎಂಟು ವರ್ಷವಾದರೂ ಹೆಂಡತಿ ಸುಮನಾ ಇದನ್ನು ಕ್ಷಮಿಸಿಲ್ಲ. ಅವಳು ಪಶುವೈದ್ಯೆ. ಅವಳ ರೋಗಿಗಳು ಉಚ್ಚಾರದ ಗೊಡವೆಗೆ ಹೋಗುವುದಿಲ್ಲ.

ಕಳೆದ ಆಷಾಢದಲ್ಲಿ ನಾವು ಕುಂದಾಪುರದಿಂದ ಮದ್ದೂರಿಗೆ ಬಂದೆವು. ನನಗೆ ಮಂಡ್ಯದ ಕಾಲೇಜು, ಅವಳಿಗೆ ಮಳವಳ್ಳಿಯ ದನದ ಆಸ್ಪತ್ರೆ. ಮದ್ದೂರಿನಲ್ಲಿ ಮನೆ ಮಾಡಿದರೆ ಇಬ್ಬರಿಗೂ ಅನುಕೂಲವೆಂದು ನಕಾಶೆ ನೋಡಿ ನಾನೇ ತೀರ್ಮಾನಿಸಿದೆ. ಹೀಗಾಗಿ ಈಗ ಇಬ್ಬರಿಗೂ ಸಮಾನ ಅನಾನುಕೂಲ. ಐದು ವರ್ಷದ ಮಗಳು ಹಂಸಳ ಅನುಕೂಲವನ್ನು ಯಾರೂ ಕೇಳಿರಲಿಲ್ಲ.

ಸಾಮಾನು ಇಳಿಸುತ್ತಿದ್ದಾಗಲೇ ಎದುರುಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಯಾಕ್ ಬಂದ್ರಿ ಇಲ್ಗೆ?" ಎಂದು ಕೇಳಿದರು. ತಪ್ಪು ಒಪ್ಪಿಕೊಳ್ಳುವವನಂತೆ ನಾನು ವರ್ಗಾವಣೆಯ ಕಥೆ ಹೇಳಿದೆ. ಅದು ಜಗಳವಲ್ಲ, ಕುಶಲಪ್ರಶ್ನೆ ಎಂದು ತಿಳಿಯಲು ನಮಗೆ ಎರಡು ವಾರ ಬೇಕಾಯಿತು. ಅಷ್ಟರಲ್ಲಿ ಅವರು ಮಗಳ ಕಡೆ ತಿರುಗಿ, "ಅಂಸನಾ ಎಸ್ರು? ಬಾ ಅಂಸ, ಒಬ್ಬಟ್ಟು ಮಡಗಿವ್ನಿ" ಎಂದಿದ್ದರು. ಮಗಳು ಅಮ್ಮನ ಹಿಂದೆ ಅಡಗಿದಳು. ಬಾಗಿಲು ಹಾಕಿಕೊಂಡ ಮೇಲೆ, "ಅದು ನಾನಲ್ಲ" ಎಂದಳು.

ಶಾಲೆಯಲ್ಲೂ ಅಂಸ, ಅಂಗಡಿಯಲ್ಲೂ ಅಂಸ. ಸಂಸ್ಕೃತದಲ್ಲಿ ಅಂಸ ಎಂದರೆ ಹೆಗಲು, ಕೆಟ್ಟ ಅರ್ಥವೇನಲ್ಲ ಎಂದು ನಾನು ಸಮಾಧಾನ ಮಾಡಲು ನೋಡಿದೆ. ಅಳು ಜೋರಾಯಿತು. ಆಮೇಲೆ ಅವಳು ಮನೆಯ ಹೊರಗೆ ಮಾತಾಡುವುದನ್ನೇ ನಿಲ್ಲಿಸಿದಳು. ಒಳಗೆ ಬಾಯಿಗೆ ಬಿಡುವಿಲ್ಲ, ಹೊಸಿಲು ದಾಟಿದರೆ ಒಂದಕ್ಷರವಿಲ್ಲ. ಮಗುವಿನ ಗಂಟಲನ್ನು ಯಾರಿಗಾದರೂ ತೋರಿಸಿ ಎಂದು ಅವಳ ಟೀಚರು ಹೇಳಿಕಳಿಸಿದರು. ಆ ಸಂಜೆ ಸುಮನಾ, "ದೀಪಾವಳಿಯೊಳಗೆ ಇವ್ಳು ಹೊರಗೆ ಬಾಯಿ ಬಿಡದಿದ್ರೆ, ಕರ್ಕಂಡ್ ಊರಿಗ್ ಹೋಪುದೇ. ನೀವು ಇಲ್ಲೇ ಪಾಠ ಮಾಡ್ಕಂಡಿರಿ" ಎಂದಳು. ಸುಮನಾ ತಮಾಷೆಗೆ ಹೀಗೆಲ್ಲ ಹೇಳುವವಳಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹೆದರಿದ ಗಂಡಸು ಮಾಡುವುದನ್ನೇ ನಾನೂ ಮಾಡಿದೆ. ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿಕೊಂಡು ಹೊರಟೆ. ಆಶ್ವಯುಜದ ಭಾನುವಾರಗಳಿಗೆಲ್ಲ ತಿರುಗಾಟದ ಪಟ್ಟಿ ತಯಾರಾಯಿತು. ಮಳೆ ನಿಂತು ಬಿಸಿಲು ತಿಳಿಯಾಗಿತ್ತು, ರಸ್ತೆಯ ಎರಡೂ ಕಡೆ ಕಬ್ಬು ಆಳೆತ್ತರ ನಿಂತಿತ್ತು. ನೋಡುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ.

ಮೊದಲು ಹತ್ತಿರದ ಶಿವಪುರಕ್ಕೆ ಹೋದೆವು. ಸ್ವಾತಂತ್ರ್ಯಕ್ಕೆ ಮುಂಚೆ, ಬಾವುಟ ಹಾರಿಸಬೇಡಿ ಎಂದು ಸರ್ಕಾರ ಹೇಳಿದರೂ ಕೇಳದೆ ಜನ ಹಾರಿಸಿದ ಜಾಗ. ಮಗಳಿಗೆ ಸತ್ಯಾಗ್ರಹ ಎಂದರೇನೆಂದು ವಿವರಿಸಿದೆ. ಅವಳು ಅಲ್ಲಿನ ಸ್ಮಾರಕದ ಮೆಟ್ಟಿಲ ಮೇಲೆ ಕೂತು ಎರಡು ಗಂಟೆ ತನ್ನದನ್ನು ಸಾಂಗವಾಗಿ ನಡೆಸಿದಳು. ಗಿಡಕ್ಕೆ ನೀರು ಬಿಡುತ್ತಿದ್ದವರು, "ಮಾತೇ ಬರಕಿಲ್ವಾ ಮಗಿಗೆ?" ಎಂದು ಕೇಳಿದರು. ಸುಮನಾ ನನ್ನ ಮುಖ ನೋಡಿದಳು.

ಎರಡನೆಯ ಭಾನುವಾರದ್ದು ಇನ್ನೂ ದೊಡ್ಡ ಸಾಧನೆ. ನಮ್ಮ ಕಾರಿಗೆ ಪಂಕ್ಚರ್ ಹಾಕುತ್ತಿದ್ದ ಸಾದಿಕ್ ಸಾಬರು, "ಅಲಗೂರ್ ಕಡೀಕೋಗಿ ಸಾ, ಗುಡ್ಡ, ಕಾಡು ಎಲ್ಲಾ ಚೆಂದಾಗದೆ" ಎಂದಿದ್ದರು. ನಾನು ಫೋನಿನಲ್ಲಿ 'ಅಲಗೂರು' ಎಂದು ಬರೆದೆ. ಅದು ಹೇಳಿದ ಕಡೆ ಮುಕ್ಕಾಲು ಗಂಟೆ ಓಡಿಸಿದ ಮೇಲೆ ಸುಮನಾ ಫೋನು ಇಸಿದುಕೊಂಡು, "ಇದು ಕೃಷ್ಣಾ ನದಿಯ ಹತ್ರ ಉಂಟು. ಮುಟ್ಟುವಾಗ ಕತ್ತಲೆಯಾತ್ತ್" ಎಂದಳು. ಸಾಬರು ಹೇಳಿದ್ದು ಮಳವಳ್ಳಿಯಾಚೆಯ ಹಲಗೂರು. ಹಳಗನ್ನಡದ ಪಳ್ಳಿ ಹಳ್ಳಿಯಾಯಿತು, ಪಾಲು ಹಾಲಾಯಿತು, ಪಕಾರ ಹಕಾರವಾಗಲು ಕೆಲವು ಶತಮಾನಗಳೇ ಹಿಡಿದವು ಎಂದು ವರ್ಷಕ್ಕೊಮ್ಮೆ ತರಗತಿಯಲ್ಲಿ ಹೇಳುವವನು ನಾನು. ಈ ಸೀಮೆಯವರು ಆ ಕೆಲಸವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ ಹಕಾರವನ್ನೂ ಕೈಬಿಟ್ಟು ಹಗುರಾಗಿದ್ದಾರೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಸ್ಟೀರಿಂಗ್ ಹಿಡಿದಾಗ ಉಪಯೋಗಕ್ಕೆ ಬರಲಿಲ್ಲ. ಸೋಮನಹಳ್ಳಿಯಲ್ಲಿ ಟೀ ಕುಡಿದು ಮನೆಗೆ ಬಂದೆವು.

ದೀಪಾವಳಿಗೆ ಮುಂಚಿನ ಕೊನೆಯ ಭಾನುವಾರ ಮಳವಳ್ಳಿಯಾಚೆ ಜಲಪಾತದ ಪಕ್ಕದ ಊರಾದ ಬ್ಲಫ್‌ಗೆ ಹೋದೆವು. ಅಲ್ಲಿ ವಿದ್ಯುದಾಗಾರವಿದೆ, ಅದರ ನೌಕರರ ಹಳೆಯ ಮನೆಗಳಿವೆ. ಶರತ್ಕಾಲ ಬಂದರೆ ಕೊಳಗಳು ತಿಳಿಯಾಗಿ ಹಂಸಗಳು ಹಿಂದಿರುಗುತ್ತವೆ ಎಂದು ಹಳೆಯ ಕಾವ್ಯಗಳಲ್ಲೆಲ್ಲ ವರ್ಣನೆಯಿದೆ. ಇಂಥದೇ ದಿನಗಳಲ್ಲಿ ಹುಟ್ಟಿದಳೆಂದು ಹಟ ಹಿಡಿದು ಆ ಹೆಸರಿಟ್ಟವನು ನಾನೇ. ನಮ್ಮ ಹಂಸ ಕಾರಿನ ಹಿಂದಿನ ಸೀಟಿನಲ್ಲಿ ಬಾಯಿ ಬಿಗಿದು ಕೂತಿತ್ತು.

ಮರದ ಕೆಳಗೆ ಸೀಬೆಹಣ್ಣು ಮಾರುತ್ತಿದ್ದ ಅಜ್ಜಿ ಮಗಳನ್ನು, "ಎಸ್ರೇನವ್ವ?" ಎಂದು ಕೇಳಿದರು. ನಾನು ಮುಂದೆ ಬಾಗಿ, ಹಕಾರಕ್ಕೆ ಉಸಿರೆಲ್ಲ ಸೇರಿಸಿ, "ಹಂಸ" ಎಂದೆ.

"ಅಂಸನಾ? ಚೆಂದಾಗದೆ. ನಾನು ಒನ್ನಮ್ಮ."

ಮಗಳು ತಲೆಯೆತ್ತಿದಳು. "ಹೊನ್ನಮ್ಮ ಅಲ್ವಾ?" ಎಂದಳು. ಹೊರಗಿನವರೊಡನೆ ತಿಂಗಳುಗಳ ನಂತರ ಅವಳಾಡಿದ ಮೊದಲ ಮಾತು, ಅದೂ ತಪ್ಪು ತಿದ್ದಲು. ಯಾರ ಮಗಳೆಂದು ಹೇಳಬೇಕಾಗಿಲ್ಲ.

ಅಜ್ಜಿಗೆ ಬೇಸರವಾದಂತೆ ಕಾಣಲಿಲ್ಲ. ಹಣ್ಣು ಸೀಳಿ ಉಪ್ಪುಖಾರ ಸವರುತ್ತ ಹೇಳಿದರು: "ಊಂ ಕಣವ್ವ, ಅದೇಯ. ನಮ್ಮವ್ವ ಒನ್ನಿ ಅಂತಿದ್ಲು. ಕ್ವಾಟ್ರಸ್‌ನೋರು ನೀನ್ ಅಂದಂಗೇ ಅಂತಾರೆ. ಮೊಮ್ಮಕ್ಳು ಮುದ್ಕಿ ಅಂತವೆ. ಯಾವ್ದ ಕೂಗುದ್ರೂ ತಿರುಗೋಳು ನಾನೇ ತಾನೆ?"

ಮಗಳು ಹಣ್ಣು ಕಚ್ಚಿ ಬಹಳ ಹೊತ್ತು ಜಗಿದಳು. ಸುಮನಾ ನನ್ನ ಮೊಣಕೈ ಹಿಡಿದುಕೊಂಡಳು, ಏನಾದರೂ ವಿವರಿಸಿಬಿಟ್ಟೇನೆಂದು ಇರಬೇಕು. ಕೊನೆಗೆ ಮಗಳು, "ಮನೇಲಿ ಹಂಸ. ಇಲ್ಲಿ ಅಂಸ" ಎಂದಳು. "ಆಗ್ಲಿ ಬುಡು" ಎಂದು ಅಜ್ಜಿ ಇನ್ನೊಂದು ಹಣ್ಣು ಕೊಟ್ಟರು. ನನ್ನ ಕಣ್ಣು ತುಂಬಿತು. ಖಾರ ಹೆಚ್ಚಾಯಿತು ಎಂದು ಹೇಳಿಕೊಂಡೆ.

ಕಾರು ಹೊರಟಾಗ ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಓಯ್ತೀವಿ ಅಜ್ಜಿ" ಎಂದಳು.

"ಓಯ್ತೀವಿ ಅನ್ಬಾರ್ದು ಕಣವ್ವ. ಬತ್ತೀವಿ ಅನ್ಬೇಕು."

"ಬತ್ತೀವಿ."

ಅಜ್ಜಿ ಈಗ ಮುಂದಿನ ಸೀಟಿನ ಕಡೆ ನೋಡುತ್ತ ಕಾದರು. ಸುಮನಾ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಗಾಜು ಇಳಿಸಿ, ಕುಂದಾಪುರದ ನಾಲಿಗೆಯನ್ನು ಕಷ್ಟಪಟ್ಟು ಹೊರಳಿಸಿ, "ಬತ್ತೀವಿ" ಎಂದಳು.