ಪರದೆಯ ಅಂಚಿನಿಂದ ಕಾಣದ ಮುಖ

ಆ ಚಿತ್ರದ ಕಥೆಯನ್ನು ಒಂದೇ ಹಂಗಾಮಿನಲ್ಲಿ ಎಷ್ಟು ಸಲ ಹೇಳಿದೆನೋ ಅಷ್ಟು ಬಗೆಯಲ್ಲಿ ಹೇಳಿದ್ದೇನೆ. ಬೈಲಹೊಂಗಲದಲ್ಲಿ ಅದರ ನಾಯಕಿ ಕಲೆಕ್ಟರನ ಮಗಳು, ರಾಮದುರ್ಗದಲ್ಲಿ ತಾಯಿಯಿಲ್ಲದ ತಬ್ಬಲಿ. ಆದ್ದರಿಂದ ಈಗ ಬರೆಯುವುದರಲ್ಲಿ ಕಂಡದ್ದು ಎಷ್ಟು, ಕಟ್ಟಿದ್ದು ಎಷ್ಟು ಎಂದು ನನ್ನನ್ನು ಕೇಳಬಾರದು. ಅವಳ ಮುಖವೊಂದನ್ನು ಮಾತ್ರ ನಾನು ಕಟ್ಟಿಲ್ಲ. ಅಷ್ಟು ಕಸುಬುಗಾರಿಕೆ ನನಗಿರಲಿಲ್ಲ.

ಸಿನೆಮಾಕ್ಕೆ ಇನ್ನೂ ಮಾತು ಬಂದಿರಲಿಲ್ಲ. ತಂಬಿನ ನಡುವೆ ಬಿಳಿ ಪರದೆ ಕಟ್ಟಿ, ಚಿತ್ರ ಎರಡೂ ಬದಿಗೆ ಕಾಣಲೆಂದು ಅದಕ್ಕೆ ನೀರು ಹೊಡೆಯುತ್ತಿದ್ದರು. ಗಂಡಸರು ಈಚೆ, ಹೆಂಗಸರು ಆಚೆ. ನಾನು ಕೋಲು ಹಿಡಿದು ಅಂಚಿನಲ್ಲಿ ನಿಂತು ಇಬ್ಬರಿಗೂ ಕೇಳುವಂತೆ ಕಥೆ ಹೇಳಬೇಕು. ಶಾಲೆಯ ಮಾಸ್ತರಿಕೆ ಆಗಲೇ ಕೈತಪ್ಪಿತ್ತು. ಇದೂ ಹೋದರೆ ಸಾಲಹಳ್ಳಿಯಲ್ಲಿ ಅಣ್ಣನ ಬೈಗುಳ ಕೇಳುತ್ತ ಅವನ ಹೊಲದ ಕಳೆ ಕೀಳುವುದೇ ಗತಿ.

ಅಂಚಿನಲ್ಲಿ ನಿಂತವನಿಗೆ ಚಿತ್ರ ನೆಟ್ಟಗೆ ಕಾಣುವುದಿಲ್ಲ. ಎಲ್ಲರೂ ಜೋಳದ ದಂಟಿನ ಹಾಗೆ ಸಣ್ಣಗೆ, ಉದ್ದಕ್ಕೆ. ಲಂಡನ್ನಿನ ಯಾವುದೋ ಸ್ಟುಡಿಯೋದ ಆ ನಟಿಯೂ ನನಗೆ ಒಂದು ದಂಟೇ. ಅವಳ ಹೆಸರು ಪರದೆಯ ಮೇಲೆ ಬರುವ ಹೊತ್ತಿಗೆ ನಾನು ಜನರಿಗೆ ಕೈಮುಗಿಯುತ್ತಿರುತ್ತಿದ್ದೆ. ಹಾಗಾಗಿ ಹೆಸರೂ ಗೊತ್ತಿಲ್ಲ.

ಸವದತ್ತಿಯ ಮೊದಲ ಆಟದಲ್ಲಿ ಪರದೆಯ ಆಚೆಯಿಂದ ಒಬ್ಬ ಮುದುಕಿ ಕೂಗಿದಳು.

“ಮಾಸ್ತರ, ಅಕೀ ಹಣಿ ಮ್ಯಾಲ ಕುಂಕಮ ಇಲ್ಲಲ್ಲೋ. ಗಂಡ ಸತ್ತಾನೇನು?”

“ಇಲ್ಲಬೇ ಯವ್ವಾ, ಇನ್ನ ಲಗ್ನಾನ ಆಗಿಲ್ಲ. ಅವರೊಳಗ ಹಚ್ಚಂಗಿಲ್ಲ.”

“ಹಚ್ಚಂಗಿಲ್ಲಂದ್ರ ಮಂದಿಗೆ ಹೆಂಗ ಗೊತ್ತಾಗಬೇಕಪ್ಪಾ?”

ಗಂಡಸರು ನಕ್ಕರು. ನಾನು ಕಥೆ ಮುಂದುವರಿಸಿದೆ. ಚಿತ್ರದಲ್ಲಿ ನಾಯಕಿಗೆ ಕಾಗದ ಬರುವ ಜಾಗ ಹತ್ತಿರವಾಗಿತ್ತು. ಮದುವೆಯಾಗಬೇಕಿದ್ದವನು ಯುದ್ಧದಲ್ಲಿ ಸತ್ತ ಸುದ್ದಿ. ಆ ಕಾಗದವನ್ನು ಎದೆ ಬಡಿದುಕೊಂಡು ಓದುವುದು ನನ್ನ ದೊಡ್ಡ ಕಸರತ್ತು. ಇಡೀ ತಂಬು ಅಳುತ್ತಿತ್ತು.

ಅಂದು ಕೋಲು ಕೈಜಾರಿ ಪರದೆಯ ಮುಂದಕ್ಕೆ ಉರುಳಿತು. ಬಗ್ಗಿ ಎತ್ತಿಕೊಂಡು ಎದ್ದೆ. ಎದುರಿಗೇ ಅವಳು. ಪರದೆಯ ತುಂಬ ಮುಖ.

ಓದಿ ಮುಗಿಸಿದ್ದಳು. ಅಳಲಿಲ್ಲ. ಕೈಗವಸುಗಳನ್ನು ಒಂದೊಂದೇ ಬೆರಳಿನಿಂದ ಸಡಿಲಿಸತೊಡಗಿದಳು, ಜಗತ್ತಿನಲ್ಲಿ ಅದೊಂದೇ ಕೆಲಸ ಉಳಿದಿದೆಯೇನೋ ಎಂಬಂತೆ. ಕಣ್ಣು ನಮ್ಮ ಕಡೆಗಿತ್ತು, ನಮ್ಮನ್ನು ನೋಡುತ್ತಿರಲಿಲ್ಲ. ಇಷ್ಟು ದಿನ ಇದರ ಮೇಲೆ ನಾನು ಎದೆ ಬಡಿದುಕೊಂಡಿದ್ದೆ! ಕಾಗದ ಓದುವುದು ಮರೆತೇ ಹೋಯಿತು.

“ಏನ್ ಬರದಾರೋ ಮಾಸ್ತರ? ಗಂಟಲಾಗ ಅಡಕಿ ಸಿಕ್ಕೈತೇನು?” ಗಂಡಸರ ನಡುವಿನಿಂದ ಒಬ್ಬ ಕೂಗಿದ.

ಆಚೆಯಿಂದ ಮುದುಕಿಯ ದನಿ ಬಂತು. “ಸುಮ್ಕಿರ್ರೋ. ಅಂವ ಸತ್ತಾನ.”

ಮುದುಕಿಗೆ ಅದನ್ನು ಯಾರೂ ಹೇಳಿರಲಿಲ್ಲ.

ಆಟ ಬಿಟ್ಟ ಮೇಲೆ ತಂಬಿನ ಮಾಲೀಕರು ನನ್ನನ್ನು ಕರೆದರು. “ಮಾಸ್ತರ, ನಿಮ್ಮ ಬಾಯಿ ನಂಬಿ ಈ ತಂಬು ಹೊಡದೇನಿ. ನಾಳೆ ಕಾಗದ ಓದಲಿಲ್ಲಂದ್ರ ಯರಗಟ್ಟಿಗೆ ನಮ್ಮ ಗಾಡಿ ಹತ್ತಬ್ಯಾಡ್ರಿ.”

ಮರುದಿನ ಅವರು ನನ್ನನ್ನು ಕಾಯಲು ಮುಂದಿನ ಸಾಲಿನಲ್ಲೇ ಕುರ್ಚಿ ಹಾಕಿಸಿದರು. ನಾನು ಓದುವವನೇ ಇದ್ದೆ. ಹಗಲೆಲ್ಲ ಗುಣುಗುಣಿಸಿ ಅಳುವ ದನಿಯನ್ನು ಹದ ಮಾಡಿಕೊಂಡಿದ್ದೆ. ಅಣ್ಣನ ಹೊಲ ಕಣ್ಣಮುಂದಿತ್ತು. ಕಾಗದ ಬಂತು. “ಕಾಗದ ಬಂತು” ಎಂದೆ. ಆಮೇಲೆ ಕೋಲನ್ನು ಕಂಬಕ್ಕೆ ಒರಗಿಸಿ, ಗಂಡಸರ ನಡುವೆ ನೆಲದ ಮೇಲೆ ಹೋಗಿ ಕುಳಿತು ಅವಳನ್ನು ನೋಡಿದೆ. ಧೈರ್ಯದಿಂದಲ್ಲ. ಅಂಚಿನಲ್ಲಿ ನಿಲ್ಲಲು ಆಗಲಿಲ್ಲ, ಅಷ್ಟೆ.

ಯಂತ್ರದ ಕಟಕಟ ಮಾತ್ರ ಕೇಳುತ್ತಿತ್ತು. ಬೈಗುಳ ಬರುವುದೆಂದು ಮಾಲೀಕರ ಕಡೆ ತಿರುಗಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಹಂಗಾಮೆಲ್ಲ ಬಾಗಿಲಲ್ಲಿ ಟಿಕೀಟು ಹರಿಯುತ್ತ ಈ ಚಿತ್ರವನ್ನು ನನ್ನ ಬಾಯಿಂದ ಕೇಳಿದ್ದರೇ ಹೊರತು ಅವಳನ್ನು ಅವರೂ ಕಂಡಿರಲಿಲ್ಲ. ಅವರ ಬಾಯಿ ಅರ್ಧ ತೆರೆದಿತ್ತು. ಬೀಡಿ ಬೆರಳಿನವರೆಗೆ ಉರಿದಿತ್ತು.

ಬೆಳಿಗ್ಗೆ ತಂಬು ಬಿಚ್ಚುವಾಗ ನಾನು ಗಂಟು ಹಿಡಿದು ದೂರ ನಿಂತಿದ್ದೆ. ಮಾಲೀಕರು ಎತ್ತಿನ ಹಗ್ಗ ಜಗ್ಗುತ್ತ ಕೂಗಿದರು. “ಏನ್ ನಿಂತೀರಿ? ಹತ್ತರಿ ಲಗೂನ.”

ಊರು ದಾಟಿದ ಮೇಲೆ ಮೆಲ್ಲಗೆ ಕೇಳಿದರು. “ಅಕೀ ಮದಲ ಯಾವ ಕೈಯಿಂದು ಗವಸ ತಗದ್ಲರಿ?”

“ಬಲಗೈದು.”

“ಎಡಗೈದ್ರಿ! ನಾ ಕಣ್ಣಾರೆ ನೋಡೇನಿ.”

ಯರಗಟ್ಟಿ ಬರುವ ತನಕ ಅದೇ ಜಗಳ.